ಮಗ್ಗದ ಕುಣಿಯಲ್ಲಿ ಯಾರಿದ್ದಾರೆ?

ನನ್ನ ಮಗಳು ಮೇಘಾ ಹತ್ತು ದಿನಗಳಿಂದ ಊಟದ ಬಿಡುವಿನಲ್ಲಿ ಶಾಲೆಯಿಂದ ಮನೆಗೆ ಓಡಿ ಬರುತ್ತಿದ್ದಾಳೆ. ಊಟಕ್ಕಲ್ಲ. ಅಜ್ಜಿಯ ಕಾಲು ಎಣಿಸುವುದಕ್ಕೆ!

ಸೀದಾ ಮಗ್ಗದ ಹತ್ತಿರ ಬರುತ್ತಾಳೆ, ಬಗ್ಗಿ ಕುಣಿಯೊಳಗೆ ಇಣುಕುತ್ತಾಳೆ. ಒಂದು, ಎರಡು. ಸರಿ ಇವೆ. ಒಂದು ಲೋಟ ನೀರು ಕುಡಿದು ವಾಪಸ್ ಓಡುತ್ತಾಳೆ. ನಗಬೇಡಿ. ಮೊದಲ ದಿನ ಇದನ್ನು ಕೇಳಿ ನಗಲು ಹೋಗಿ ನನಗೆ ಅಳು ಬಂದಿತ್ತು.

ಇದಕ್ಕೆಲ್ಲ ಕಾರಣ ಒಂದು ದೆವ್ವದ ಪಿಚ್ಚರ್. ಹಾಗಂತ ನಾನು ತಿಳಿದಿದ್ದೆ.

ಇಳಕಲ್ಲಿನ ನಮ್ಮ ಓಣಿಗೆ ಮೊದಲ ವಿಸಿಡಿ ಪ್ಲೇಯರ್ ಬಂದದ್ದು ಪಕ್ಕದ ಮನೆಯ ಮಮ್ತಾಜ್ ಭಾಬಿಯವರಲ್ಲಿಗೆ. ಭಾನುವಾರ ಮಧ್ಯಾಹ್ನ ಓಣಿಯ ಮಕ್ಕಳಿಗೆಲ್ಲ ದೆವ್ವದ ಪಿಚ್ಚರ್ ತೋರಿಸುತ್ತಾರಂತೆ ಎಂಬ ಸುದ್ದಿ ಬುಧವಾರವೇ ಬಂತು. ಬುಧವಾರದಿಂದಲೇ ರಗಳೆಯೂ ಶುರುವಾಯಿತು.

“ಅವ್ವಾ, ಎಲ್ಲಾರೂ ಹೊಂಟಾರ. ನಾ ಒಬ್ಬಾಕಿನ ಹೋಗಬಾರದೇನು?”

ಆರು ವರ್ಷದ ಮಗು ದೆವ್ವದ ಸಿನಿಮಾ ನೋಡಬಹುದೇ? ಯಾರನ್ನು ಕೇಳುವುದು? ನಮ್ಮ ಮನೆಯವರನ್ನು ಕೇಳಿದೆ. “ನಾ ಐದು ವರ್ಷದಾಂವ ಇದ್ದಾಗ ಟೂರಿಂಗ್ ಟಾಕೀಸಿನ್ಯಾಗ ನೋಡೇನಿ. ಏನಾತು ನನಗ?” ಎಂದರು. (ಕರೆಂಟು ಹೋದರೆ ಇವತ್ತಿಗೂ ಇವರು ಹಿತ್ತಲಿಗೆ ಒಬ್ಬರೇ ಹೋಗುವುದಿಲ್ಲ. ಇರಲಿ.)

ಅತ್ತೆ ಮಗ್ಗದಿಂದ ತಲೆ ಎತ್ತದೆಯೇ ಹೇಳಿದರು, “ಬ್ಯಾಡವಾ, ಎಳೀ ಕೂಸು.”

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ನಾನು ಹುನಗುಂದದಲ್ಲಿ ದಿನಾ ನಲವತ್ತು ಮಕ್ಕಳನ್ನು ಸಂಭಾಳಿಸುವ ಟೀಚರ್. ಟಿಸಿಎಚ್‌ನಲ್ಲಿ ಮಕ್ಕಳ ಮನೋವಿಜ್ಞಾನ ಓದಿದವಳು. ‘ಬ್ಯಾಡ’ ಎನ್ನುವುದಕ್ಕೂ ಒಂದು ಕಾರಣ ಬೇಡವೇ? “ಮೊದಲ ನಾ ನೋಡ್ತೇನಿ. ಆಮ್ಯಾಲೆ ಹೇಳ್ತೇನಿ,” ಎಂದು ಮಗಳಿಗೆ ಹೇಳಿದೆ.

ಶನಿವಾರ ಬೆಳಗಿನ ಶಾಲೆ. ಬಸ್ಸಿನಿಂದ ಇಳಿದವಳೇ ನೋಟ್‌ಬುಕ್ಕು ಹಿಡಿದು ಭಾಬಿಯ ಮನೆಗೆ ಹೋಗಿ ಕೂತೆ. ಅವರು ಚಹಾ ತಂದಿಟ್ಟು, “ಅಕ್ಕಾರ, ಪಿಚ್ಚರ್ ನೋಡಾಕ ಬಂದೀರೋ, ಪೇಪರ್ ತಿದ್ದಾಕ ಬಂದೀರೋ?” ಎಂದು ಕೇಳಿದರು.

ತಿದ್ದುವುದಕ್ಕೇ ಹೋಗಿದ್ದೆ! ರಕ್ತ? ಇಲ್ಲ. ಕೊಲೆ? ಬಾಗಿಲ ಹಿಂದೆ, ಬರೀ ಸಪ್ಪಳ. ಬಿಳಿ ಸೀರೆ, ಬಿಚ್ಚಿದ ಕೂದಲು? ಇದೆ, ಆದರೆ ನಮ್ಮ ಮೇಘಾ ನಗುವಂಥದ್ದು. ಎರಡನೇ ಸಿಡಿಯಲ್ಲಿ ಒಂದು ಕಡೆ, ಹಳೇ ಬಂಗಲೆಯ ನೆಲದ ಕಲ್ಲು ಸರಿದು ಕೆಳಗಿನ ಗುಂಡಿಯಿಂದ ಒಂದು ಕೈ ಮೇಲೆ ಬಂದು ಹೀರೋನ ಕಾಲು ಹಿಡಿಯುತ್ತದೆ. ರಬ್ಬರ್ ಕೈ. ನಾಲ್ಕು ಬೆರಳಿಗಷ್ಟೇ ಉಗುರುಬಣ್ಣ ಹಚ್ಚಿ ಹೆಬ್ಬೆರಳನ್ನು ಮರೆತಿದ್ದರು. ‘ನಡೆಯುತ್ತದೆ’ ಎಂದು ಬರೆದುಕೊಂಡೆ. ಪಿಚ್ಚರ್ ಪಾಸ್.

ಆ ಕೈ ನೋಡಿದಾಗ ನನಗೆ ನಮ್ಮ ಮನೆ ನೆನಪಾಗಬೇಕಿತ್ತು. ಆಗಲಿಲ್ಲ.

ನಮ್ಮ ಪಡಸಾಲೆಯಲ್ಲಿರುವುದು ಕುಣಿಮಗ್ಗ. ನೆಲದಲ್ಲಿ ಸೊಂಟದ ಆಳಕ್ಕೆ ತೋಡಿದ ಕುಣಿ. ಅದರ ಅಂಚಿಗೆ ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ಅತ್ತೆ ದಿನವಿಡೀ ಸೀರೆ ನೇಯುತ್ತಾರೆ. ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ನೋಡಿ ನೋಡಿ ಅದು ನನ್ನ ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು.

ಭಾನುವಾರ ಮೇಘಾ ನನ್ನ ತೊಡೆಯ ಮೇಲೆ ಕೂತು ಚುರುಮುರಿ ತಿನ್ನುತ್ತ ಇಡೀ ಪಿಚ್ಚರ್ ನೋಡಿದಳು. ಎಲ್ಲರ ಜೊತೆ ಕಿರುಚಿದಳು, ಎಲ್ಲರ ಜೊತೆ ನಕ್ಕಳು. ಮನೆಗೆ ಬಂದು ಅತ್ತೆಯ ಮುಂದೆ ನಾನು ಸ್ವಲ್ಪ ಬೀಗಿದೆ. ಸ್ವಲ್ಪವೇನು, ಚೆನ್ನಾಗಿಯೇ ಬೀಗಿದೆ.

ಸೋಮವಾರ ಬೆಳಿಗ್ಗೆ ಅತ್ತೆ ಮಗ್ಗಕ್ಕೆ ಕೂತು ಕಾಲು ಇಳಿಬಿಡುವುದಕ್ಕೂ ಮೇಘಾ ಚೀರುವುದಕ್ಕೂ ಸರಿಹೋಯಿತು. “ಆಯೀ, ಕಾಲ ಇಳಿಬಿಡಬ್ಯಾಡ! ಮ್ಯಾಲೆ ತಗೀ!” ಅಜ್ಜಿಯ ರಟ್ಟೆ ಹಿಡಿದು ಜಗ್ಗಿದ ರಭಸಕ್ಕೆ ಲಾಳಿ ನೆಲಕ್ಕೆ ಬಿತ್ತು.

ಶಾಲೆಗೆ ಹೋಗಲು ಒಪ್ಪಲಿಲ್ಲ. “ನಾ ಹ್ವಾದ್ರ ಆಯಿ ಕಾಲ ಯಾರ ಕಾಯ್ತಾರ?” ಎಂದು ಕಸಬರಿಗೆ ಹಿಡಿದು ಕುಣಿಯ ಅಂಚಿಗೆ ಕೂತಳು. ಕಾವಲಿಗೆ!

ಅವತ್ತು ಹುನಗುಂದದಲ್ಲಿ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಬಿಡುವಿನಲ್ಲಿ ಎಸ್‌ಟಿಡಿ ಬೂತಿಗೆ ಓಡಿ ಭಾಬಿಗೆ ಫೋನ್ ಮಾಡಿದೆ. “ಅಲ್ಲೇ ಕುಂತಾಳ್ರಿ ಅಕ್ಕಾರ. ಊಟಾನೂ ಒಲ್ಲೆ ಅಂದ್ಳು,” ಎಂದರು. ಈ ಅಂಜಿಕೆ ಹೀಗೇ ಉಳಿದರೆ? ಜ್ವರ ಬಂದರೆ? ಮಾತು ತೊದಲಿದರೆ? ಸಂಜೆ ಮನೆಗೆ ಬಂದು ಹಳೇ ಟಿಸಿಎಚ್ ಪುಸ್ತಕ ಹುಡುಕಿ ತೆಗೆದು ಓದಿದೆ. ಅದರಲ್ಲಿ ಎಲ್ಲ ಇತ್ತು, ನಮ್ಮ ಮನೆಯ ಕುಣಿಯೊಂದು ಇರಲಿಲ್ಲ.

ನಾಲ್ಕು ದಿನ ಮಗ್ಗ ನಿಂತಿತು. ಅತ್ತೆ ಕೂತರೆ ಮಗು ಅಳುತ್ತದೆ, ಅದಕ್ಕೇ ಅವರು ಕೂರಲಿಲ್ಲ. ಅರ್ಧ ನೇಯ್ದ ಸೀರೆ ಹಾಗೇ ಇತ್ತು. ‘ನಾ ಬ್ಯಾಡ ಅಂದಿದ್ನೆಲ್ಲ’ ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ನಮ್ಮ ಮನೆಯವರು ಟಾರ್ಚ್ ಹಿಡಿದು ಕುಣಿಯೊಳಗೆ ಇಳಿದೇಬಿಟ್ಟರು. “ನೋಡವಾ, ಏನೂ ಇಲ್ಲ.” ಮಗಳು ತಲೆ ಅಲ್ಲಾಡಿಸಿದಳು. “ನಾವು ನೋಡಾಕತ್ತಾಗ ಅಂವ ಬರಂಗಿಲ್ಲಪ್ಪಾ.” (ಇವರು ಇಳಿದಿದ್ದಕ್ಕಿಂತ ಜೋರಾಗಿ ಮೇಲೆ ಹತ್ತಿದರು.)

ಗುರುವಾರ ಸಂಜೆ ನಾನು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. “ಆ ಕೈ ರಬ್ಬರಿಂದವಾ. ಪಿಚ್ಚರ್ ಮುಗದ ಮ್ಯಾಲೆ ಚೀಲದಾಗ ಹಾಕ್ಕೊಂಡ್ ಹೋಗ್ತಾರ.”

“ಅದು ನನಗೂ ಗೊತ್ತೈತಿ.”

“ಮತ್ತ ಯಾಕ ಅಂಜ್ತಿ?”

“ಪಿಚ್ಚರ್‌ದಾಕಿಗೆ ಅಂಜಂಗಿಲ್ಲ ನಾ. ನಮ್ಮನ್ಯಾಗಿನ ಗುಮ್ಮಗ.”

“ನಮ್ಮನ್ಯಾಗ ಎಲ್ಲಿ ಅದಾನ ಗುಮ್ಮ?”

ನನ್ನ ನೆನಪಿನ ಶಕ್ತಿಯ ಬಗ್ಗೆ ಮರುಕಪಡುವವಳಂತೆ ನೋಡಿದಳು. “ನೀನ ಹೇಳಿದ್ದೆಲ್ಲ? ಕುಣಿಯಾಗ ಅದಾನ, ಹತ್ರ ಹ್ವಾದ್ರ ಕಾಲ ಜಗ್ಗತಾನ ಅಂತ. ನಾ ಬರೇ ಹುಡುಗೂರನ್ನ ಹಿಡೀತಾನ ಅಂತ ಮಾಡಿದ್ದೆ. ದೊಡ್ಡೋರ ಕಾಲೂ ಜಗ್ಗತಾರ ಅಂತ ಪಿಚ್ಚರ್‌ದಾಗ ತೋರ್ಸಿದ್ರು.”

ಹೌದು, ನಾನೇ ಹೇಳಿದ್ದೆ.

ಕುಣಿಮಗ್ಗವಿರುವ ಯಾವ ಮನೆಯನ್ನಾದರೂ ಕೇಳಿ. ಕೂಸು ಅಂಬೆಗಾಲಿಕ್ಕಲು ಶುರು ಮಾಡಿದ ಕೂಡಲೇ ಮೊದಲ ಪಾಠ ಇದೇ: ಕುಣಿಯಲ್ಲಿ ಗುಮ್ಮ ಇದ್ದಾನೆ. ಬಿದ್ದು ಕೈಕಾಲು ಮುರಿದುಕೊಳ್ಳಬಾರದಲ್ಲ, ಅದಕ್ಕೆ. ಅಷ್ಟಕ್ಕೇ ಬಿಟ್ಟೆನೇ ನಾನು? ಅನ್ನ ಉಣ್ಣದಿದ್ದರೆ ಗುಮ್ಮ. ತಲೆ ಬಾಚಿಸಿಕೊಳ್ಳದಿದ್ದರೆ ಗುಮ್ಮ. ಬಸ್ಸಿಗೆ ಹೊತ್ತಾದರಂತೂ ಗುಮ್ಮನಿಗೆ ಪುರಸೊತ್ತೇ ಇರುತ್ತಿರಲಿಲ್ಲ. ಅವಳು ತಾನಾಗಿ ಉಣ್ಣಲು ಕಲಿತ ಮೇಲೆ ನಾನು ಅವನನ್ನು ಮರೆತೆ. ಅವನು ಹೊರಟುಹೋದ ಅಂತ ಮಗುವಿಗೆ ಹೇಳುವುದನ್ನೂ ಮರೆತೆ.

“ಸುಳ್ಳ ಹೇಳಿದ್ನೆವಾ. ನೀ ಬೀಳಬಾರದಂತ,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಅವಾಗ ಹೇಳಿದ್ದು ಸುಳ್ಳೋ, ಈಗ ಹೇಳಾಕತ್ತಿದ್ದು ಸುಳ್ಳೋ?”

ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ, “ನಾನೂ ನನ್ನ ಮಗಗ ಹಂಗ ಹೇಳಿ ಬೆಳಸೇನಿ ಬಿಡು,” ಎಂದರು. ನಾನು ನಮ್ಮ ಮನೆಯವರ ಕಡೆ ತಿರುಗಿದೆ. ಇವರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ಕೊನೆಗೆ ದಾರಿ ಹುಡುಕಿದವರೂ ಅತ್ತೆಯೇ. ನನ್ನ ಹಾಗೆ ‘ಇಲ್ಲ, ಇಲ್ಲ’ ಅನ್ನಲಿಲ್ಲ, ಆಣೆ ಮಾಡಲಿಲ್ಲ. ಮೊಮ್ಮಗಳ ಕೈಯಿಂದ ಕಸಬರಿಗೆ ತೆಗೆದಿಟ್ಟು, “ನೀ ಸಾಲಿಗೆ ಹೋಗು. ಊಟದ ಸೂಟಿಗೆ ಬಂದು ನನ್ನ ಕಾಲ ಎಣಿಸಿ ಹೋಗು. ಒಂದ ಕಮ್ಮಿ ಆದ್ರೂ ಮಗ್ಗ ಕಿತ್ತಸೂಣು,” ಎಂದರು. ಮೇಘಾ ಒಪ್ಪಿದಳು. ಮರುದಿನ ಮಗ್ಗದ ಸಪ್ಪಳ ಮತ್ತೆ ಶುರುವಾಯಿತು. ನಿನ್ನೆಯೂ ಬಂದು ಎಣಿಸಿದಳಂತೆ. ನನ್ನ ಮಾತಿನ ಮೇಲೆ ಅವಳಿಗೆ ಇನ್ನೂ ಭರವಸೆ ಬಂದಿಲ್ಲ.

ನಮ್ಮ ಶಾಲೆಗೆ ಬರುವ ತಾಯಂದಿರು ಆಗಾಗ ಕೇಳುತ್ತಾರೆ, “ಅಕ್ಕಾರ, ನಮ್ಮ ಹುಡುಗಗ ಏಳು ತುಂಬ್ಯಾವು. ದೆವ್ವದ ಪಿಚ್ಚರ್ ತೋರಿಸಬಹುದೇನ್ರಿ?” ಮೊದಲಾಗಿದ್ದರೆ ನೋಟ್‌ಬುಕ್ಕು ತೆಗೆದು ರಕ್ತ, ಕೊಲೆ, ಬಿಳಿ ಸೀರೆ ಎಂದು ಶುರು ಮಾಡುತ್ತಿದ್ದೆ. ಈಗ ಒಂದನ್ನಷ್ಟೇ ಕೇಳುತ್ತೇನೆ.

ಮಗು ಉಣ್ಣದಿದ್ದಾಗ ನೀವು ಯಾರನ್ನು ಕರೆಯುತ್ತೀರಿ?