ಶೆಡ್ಡಿನ ವಿಮಾನದ ಒಡೆಯರು

ನಮ್ಮ ಹಲ್ಲಿನ ಡಾಕ್ಟರಿಗೆ ಎರಡು ಸೀಟಿನ ಸ್ವಂತ ವಿಮಾನವಿದೆ; ವಯಸ್ಸಿನಲ್ಲಿ ಅದು ಅವರಿಗೆ ಅಣ್ಣನಾಗಬೇಕು. ವಿಮಾನ ಎಲ್ಲಿದೆಯೆಂದು ಕ್ಷಣಕ್ಷಣವೂ ವಿಮಾನ ನಿಲ್ದಾಣದ ಟವರಿಗೆ ತಿಳಿಸುವ ಡಬ್ಬಿಯೊಂದನ್ನು ಕೂರಿಸಲೇಬೇಕೆಂದು ಕಾನೂನು ಬಂದಾಗಿನಿಂದ ಅವರ ಬಾಯಿಗೆ ಬಿಡುವಿಲ್ಲ. “ಮೂಗಿಗಿಂತ ಮೂಗುತಿ ಭಾರ ಕಣ್ರೀ,” ಎನ್ನುತ್ತ ಡಬ್ಬಿಯ ಬಿಲ್ಲನ್ನು ಎಕ್ಸ್‌ರೇಯಂತೆ ಬೆಳಕಿಗೆ ಹಿಡಿದು ಕಂಡವರಿಗೆಲ್ಲ ತೋರಿಸುತ್ತಾರೆ. ಮೊದಲನೆಯ ಡಬ್ಬಿಗೆ ಕಾರು ಹೋಯಿತು. ಅದು ಹಳೆಯ ಮಾದರಿಯೆಂದು ಇಲಾಖೆ ತಳ್ಳಿಹಾಕಿದ ಮೇಲೆ ಎರಡನೆಯದಕ್ಕೆ ಕ್ಲಿನಿಕ್ಕಿನ ಕುರ್ಚಿಯೂ ಹೋಯಿತು. ಈಗ ಪೆಟ್ರೋಲಿಗೆ ಕಾಸಿಲ್ಲದೆ ವಿಮಾನ ಶೆಡ್ಡಿನಲ್ಲಿ ನಿಂತಿದೆ, ಅದನ್ನು ನೋಡಲು ಒಡೆಯರು ಬಸ್ಸಿನಲ್ಲಿ ಬರುತ್ತಾರೆ. “ನಾನೆಲ್ಲಿದ್ದೀನಿ ಅಂತ ಕೇಳ್ತಿದ್ದೋಳು ನಮ್ಮನೆಯವಳೊಬ್ಬಳೇ. ಅವಳು ಬದುಕಿರೋ ತನಕ ಅವಳಿಗೇ ನಾನು ನಿಜ ಹೇಳ್ಲಿಲ್ಲ, ಇನ್ನು ಇವರಿಗೆ ಹೇಳ್ಬೇಕಾ?” ಎಂದು ಮೆಕ್ಯಾನಿಕ್ಕಿನ ಮೇಲೆ ಹರಿಹಾಯುತ್ತಾರೆ. ಹಾಗೆಂದು ಡಬ್ಬಿಯನ್ನು ಬಿಟ್ಟಿರಲಾರರು. ದಿನಾ ಸಂಜೆ ಐದಕ್ಕೆ ವಿಮಾನದೊಳಗೆ ಕೂತು, ಬೆಲ್ಟು ಬಿಗಿದು, ಅದನ್ನು ಚಾಲೂ ಮಾಡುತ್ತಾರೆ. ಟವರಿನ ಪರದೆಯ ಮೇಲೆ ಚುಕ್ಕೆಯೊಂದು ಮೂಡುತ್ತದೆ. ಅಲ್ಲಿನ ಹೆಂಗಸು ರೇಡಿಯೋದಲ್ಲಿ, “ಡಾಕ್ಟ್ರೇ, ಎಲ್ಲಿದ್ದೀರಿ?” ಎಂದು ಕೇಳುತ್ತಾಳೆ, ಗೊತ್ತಿದ್ದೂ. “ಶೆಡ್ಡಲ್ಲೇ ಇದ್ದೀನಮ್ಮ,” ಎಂದು ಡಾಕ್ಟರು ನಿಜವನ್ನೇ ಹೇಳುತ್ತಾರೆ.