ಕೊನೆಯ ಗುರುತು

ಸಂದೇಶಗಳು ಕಾಣೆಯಾಗುತ್ತಿವೆ ಎಂಬ ದೂರು ಬಂದು, ಯಂತ್ರ ರಿಪೇರಿಗೆಂದು ಸಿಕಂದರಾಬಾದಿನ ಒಂದು ಟೆಲಿಫೋನ್ ಕಚೇರಿಗೆ ಹೋಗಿದ್ದೆ. ಅಲ್ಲಿನ ಆಪರೇಟರ್ ಬೀದರ್ ಕಡೆಯ ಹೆಣ್ಣುಮಗಳು. ಚಹಾ ಇಟ್ಟು, ಸಂದೇಶ ಹಿಡಿಯುವ ಯಂತ್ರದೊಳಗಿನ ಚಿಪ್ ತೋರಿಸಿ, "ಈ ಚಿಪ್ ಮೆಸೇಜ್ ಯಾಕ ನುಂಗತದರಿ?" ಎಂದರು.

"ನುಂಗೋದಲ್ಲರಿ. ಆ ಕಡೆ ಚಿಪ್ ಸಂದೇಶದ ಮೊದಲಿಗೂ ಕೊನೆಗೂ ಗುರುತು ಹಚ್ಚಿ ಕಳಸತದ. ನಡುವ ಲೈನ್ ಕಡಿದು ಕೊನಿ ಗುರುತು ಬರಲಿಲ್ಲಂದ್ರ, ಈ ಚಿಪ್ ಆ ಅರ್ಧ ಸಂದೇಶನ ಕಸಕ್ಕ ಹಾಕತದ," ಎಂದು ಜಾಣತನ ತೋರಿಸಿದೆ.

ಅವರು ಆ ಯಂತ್ರದ ಕಡೆ ನೋಡುತ್ತಲೇ ಹೇಳಿದರು: "ನಮ್ಮ ಮನೆಯವ್ರು ದವಾಖಾನಿಂದ ಫೋನ್ ಮಾಡಿ, 'ಕೇಳಿಲ್ಲಿ, ನಿನಗೊಂದು ಮಾತು' ಅಂದ್ರು. ಲೈನ್ ಕಟ್ಟಾತು. ಸಂಜಿಗೆ ಹೋಗೇಬಿಟ್ರು. ಆ ಅರ್ಧ ಮಾತು ಕಸಕ್ಕ ಹಾಕಾಕ ನನಗಿನ್ನಾ ಆಗಿಲ್ಲರಿ."

ಸಡಿಲಾಗಿದ್ದ ತಂತಿ ಬಿಗಿ ಮಾಡಿ, 'ಚಿಪ್‌ನಲ್ಲಿ ದೋಷವಿಲ್ಲ' ಎಂದು ವರದಿ ಬರೆದೆ. ಬರೆಯುವಾಗ, ತನ್ನ ಕೆಲಸ ಸರಿಯಾಗಿಯೇ ಮಾಡಿದ ಆ ಚಿಪ್‌ನ ಮೇಲೆ ಯಾಕೋ ಸಿಟ್ಟು ಬಂತು.