ಹತ್ತು ಸೆಕೆಂಡಿನ ನಿಯಮ

ಗಂಗಾವತಿಯ ಒಂದು ಅಕ್ಕಿ ಕಂಪನಿಯಲ್ಲಿ ಕಳಕಪ್ಪನಿಗೆ ಫೋನುಗಳ ಉಸ್ತುವಾರಿ. ತಂತಿ ಕಡಿದರೆ ಜೋಡಿಸುವುದು, ಹೊಸಬರಿಗೆ ನಂಬರು ಕೊಡುವುದು, ಇಷ್ಟೇ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಅವನ ಆಫೀಸ್ ನಂಬರಿನ ಮೇಲೆ 'ಸಂವಹನ ವ್ಯವಸ್ಥಾಪಕರು' ಎಂದಿತ್ತು. ಮೊದಲ ಕಾರ್ಡನ್ನು ಅವನು ಕೊಟ್ಟದ್ದು ನವಲಿಯಲ್ಲಿದ್ದ ಅಕ್ಕ ಅಮರಮ್ಮನಿಗೆ. ಓದು ಬಾರದ ಆಕೆ ಅದನ್ನು ದೇವರ ಜಗಲಿಯ ಮೇಲಿಟ್ಟಿದ್ದಳು.

ಆ ಅಕ್ಕನೊಂದಿಗೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಆಕೆಯ ಮಗಳು ಸುನಿತಾಳ ಲಗ್ನಪತ್ರಿಕೆಯಲ್ಲಿ ಸೋದರಮಾವನಾದ ತನ್ನ ಹೆಸರು ಎರಡನೇ ಸಾಲಿಗೆ ಇಳಿದಿದೆಯೆಂದು ಕಳಕಪ್ಪ ಮದುವೆಗೇ ಹೋಗಲಿಲ್ಲ. ಮೊಬೈಲ್ ನಂಬರನ್ನೂ ಬದಲಾಯಿಸಿದ. "ಆಕೀನ ಮೊದಲ ಫೋನ್ ಹಚ್ಚಲಿ, ಓಡಿ ಹೋಗ್ತೀನಿ," ಎನ್ನುತ್ತಿದ್ದ. ಆಫೀಸಿನ ಫೋನು ಬಡಿದರೆ ಅವನ ಕೈ ಎರಡನೇ ರಿಂಗಿಗೆ ಕಾಯುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಕಂಪನಿಗೆ ವಾಯ್ಸ್ ಮೇಲ್ ಬಂತು. ಫೋನ್ ಎತ್ತದಿದ್ದರೆ ಕರೆ ಮಾಡಿದವರ ಮಾತು ಹೈದರಾಬಾದಿನ ಬಾಡಿಗೆ ಸರ್ವರಿನಲ್ಲಿ ಉಳಿಯುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಶಾಖೆಗಳೂ ಸೇರಿ ನೂರಾ ನಲವತ್ತು ಜನರಿಗೆ ಒಬ್ಬೊಬ್ಬರದಾಗಿ ಅದನ್ನು ಚಾಲೂ ಮಾಡಬೇಕು. ಕಳಕಪ್ಪ ಹೊಸ ಸಫಾರಿ ಹೊಲಿಸಿದ. ಮೊದಲು ತನ್ನದೇ ನಂಬರಿಗೆ ಟಿಕ್ ಹಾಕಿ, ಕರೆಗಳೆಲ್ಲ ನೇರ ಅಲ್ಲಿಗೇ ಹೋಗುವಂತೆ ಮಾಡಿ, ವಾರ್ತೆ ಓದುವವರ ದನಿಯಲ್ಲಿ ನುಡಿದ: "ಶ್ರೀ ಕಳಕಪ್ಪನವರು ಸದ್ಯ ಕಾರ್ಯಮಗ್ನರಾಗಿದ್ದಾರೆ. ತಮ್ಮ ಸಂದೇಶವನ್ನು ದಾಖಲಿಸತಕ್ಕದ್ದು."

ಎಷ್ಟು ಸೆಕೆಂಡಿಗಿಂತ ಚಿಕ್ಕ ಸಂದೇಶ ಬೇಡ ಎಂಬ ಖಾನೆಯಲ್ಲಿ 'ಹತ್ತು' ಎಂದು ತುಂಬಿದ.

"ಸರ್, ನಮ್ಮ ಮಂದಿ ಮಷೀನ್ ಜೋಡಿ ಮಾತಾಡಂಗಿಲ್ರಿ," ಎಂದಳು ರಿಸೆಪ್ಶನ್ನಿನ ಜರೀನಾ. "'ನಾನ್ರೀ' ಅಂತಾರ, ನಾಚಿ ಇಟ್ಟಬಿಡ್ತಾರ."

"ಹತ್ತು ಸೆಕೆಂಡ್ ಮಾತಾಡಾಕ ಬರಲಾರದವರ ಕೆಲಸ ಏನ್ ಮಹಾ ಕೆಲಸ? ಕಸ ಕೂಡ್ತೈತಿ."

ಮೂರು ವಾರ ಶಾಖೆಯಿಂದ ಶಾಖೆಗೆ ತಿರುಗಿದ. ದಿನಾ ಸಂಜೆ ತನ್ನ ಸಂದೇಶದ ಪೆಟ್ಟಿಗೆ ತೆರೆದು ನೋಡುತ್ತಿದ್ದ. ಖಾಲಿ.

ನೂರಾ ನಲವತ್ತನೆಯವನ ಕೆಲಸ ಮುಗಿಸಿ ಬಂದ ದಿನ ಜರೀನಾ ಎದ್ದು ನಿಂತಳು. "ಸರ್, ನವಲಿಯಿಂದ ಫೋನ್ ಬಂದಿತ್ರಿ. ನಿಮ್ಮ ಅಕ್ಕಾರು ಹೋದ್ರಂತ."

ಮಣ್ಣು ಮುಗಿದ ಮೇಲೆ ಸುನಿತಾ ಅವನ ಪಕ್ಕ ಕೂತಳು. "ಅವ್ವ ಹಾಸಿಗಿ ಹಿಡಿದಾಗಿಂದ ದಿನಾ ಆ ಕಾರ್ಡಿನ ನಂಬರ್ ಹಚ್ಚಿಸಿಕೊಳ್ತಿದ್ಲು, ಮಾಮಾ. ನಿನ್ನ ದನಿ ಕೇಳಿ ನಗತಿದ್ಲು. 'ನಮ್ಮ ಕಳಕ್ಯಾ ಎಷ್ಟ್ ದೊಡ್ಡಾವ ಆಗ್ಯಾನ ನೋಡ' ಅಂತ. 'ಕಳಕ್ಯಾ, ಬಾರೋ' ಅಂತಷ್ಟ ಹೇಳಿ ಇಡತಿದ್ಲು."

ಆಫೀಸಿಗೆ ಮರಳಿ ಸರ್ವರಿನ ದಾಖಲೆ ತೆರೆದ. ನವಲಿಯ ನಂಬರಿನಿಂದ ಹನ್ನೊಂದು ಕರೆ. ಸಂದೇಶಗಳು ಐದು ಸೆಕೆಂಡು, ನಾಲ್ಕು, ಐದು. ಕೊನೆಯದು ಎಂಟು. ಹೈದರಾಬಾದಿಗೆ ಫೋನ್ ಮಾಡಿ ಅಂಗಲಾಚಿದ. "ಅಂಥವನ್ನ ಉಳಿಸೋದೇ ಇಲ್ಲ ಸರ್, ನೀವೇ ಕೊಟ್ಟ ನಿಯಮ," ಎಂದರು ಅವರು, ಭಾಳ ಮರ್ಯಾದೆಯಿಂದ.

ಕಳಕಪ್ಪ ಜರೀನಾಳ ಫೋನಿನಿಂದ ತನ್ನದೇ ನಂಬರು ಒತ್ತಿದ. ಶ್ರೀ ಕಳಕಪ್ಪನವರು ಕಾರ್ಯಮಗ್ನರಾಗಿದ್ದರು. ಪೂರ್ತಿ ಕೇಳಿಸಿಕೊಂಡ, ಆಕೆ ಹನ್ನೊಂದು ಸಲ ಕೇಳಿಸಿಕೊಂಡ ಹಾಗೆ. ಬೀಪ್ ಆಯಿತು.

"ಅಕ್ಕಾ, ನಾನು," ಎಂದ. ಮೂರನೇ ಸೆಕೆಂಡಿಗೆ ಫೋನ್ ಇಟ್ಟ.